ಕೊನೆಯ ಸಾಲಿನ ದೋಣಿ

ಪತ್ರಿಕೆಯಲ್ಲಿ ಪುಟ ಕಟ್ಟುವ ಕೆಲಸಕ್ಕೆ ಸೇರಿದ ಹೊಸತರಲ್ಲಿ 'ಇಂದು ಮಹಾಯುದ್ಧ ಮುಗಿಯಿತು' ಎಂಬ ಸಾಲು ಕಣ್ಣಿಗೆ ಬಿದ್ದು, ಓಡಿಹೋಗಿ ಅಮ್ಮನಿಗೆ ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದೆ.

"ಅದು ನಿಮ್ಮಜ್ಜಿ ತೊಟ್ಟಿಲಲ್ಲಿದ್ದಾಗ್ಲೇ ಮುಗಿದಿತ್ತಲ್ಲೋ, ಪೆದ್ದ!" ಅಂದಳು ಅಮ್ಮ.

ಆ ಸಾಲು ಬರೆದವರು 'ಪ್ರಪಂಚದ ಇತಿಹಾಸದಲ್ಲಿ ಈ ದಿನ' ಅಂಕಣದ ಹಿರಿಯರು. ಕಚೇರಿಗೆಲ್ಲ ಅವರು ತಾರೀಖಪ್ಪ. ಯಾವ ದಿನ ಕೇಳಿದರೂ ಅಂದು ಪಟ್ಟವೇರಿದ ರಾಜ, ಬಿದ್ದ ಕೋಟೆ, ಹಾರಿದ ವಿಮಾನ ನಾಲಗೆ ತುದಿಯಲ್ಲೇ ಇರುತ್ತಿದ್ದವು.

ಮಳೆಗಾಲದ ಒಂದು ತಾರೀಖಿಗೆ ಮಾತ್ರ ಅವರು ಪ್ರತಿ ವರ್ಷ ಕೊನೆಯಲ್ಲಿ 'ಹೊಳೆ ದಾಟುತ್ತಿದ್ದ ದೋಣಿ ಮಗುಚಿತು' ಎಂದು ಸೇರಿಸುತ್ತಿದ್ದರು. ಜಾಗ ಸಾಲದೆ ಕೊನೆಯ ಸಾಲಿಗೇ ನನ್ನ ಕತ್ತರಿ ಬೀಳುತ್ತಿತ್ತು. ಮರುದಿನ ಅವರು ಪತ್ರಿಕೆ ನೋಡಿ, ಮಡಿಸಿಡುತ್ತಿದ್ದರು.

ಈ ವರ್ಷ ನನ್ನ ಕುರ್ಚಿಯ ಪಕ್ಕವೇ ಬಂದು ನಿಂತರು.

"ಮರಿ, ಬೇಕಾದ್ರೆ ರಾಜನ್ನ ತೆಗೆದುಹಾಕು. ದೋಣಿ ಇರ್ಲಿ."

"ಯಾವ ದೇಶದ ದೋಣಿ ಸಾರ್ ಅದು?"

"ನಮ್ಮ ಹೊಳೇದೇ."

"ಪ್ರಪಂಚದ ಇತಿಹಾಸದಲ್ಲಿ ನಮ್ಮ ಹೊಳೆನಾ!" ನಾನು ದೊಡ್ಡ ಪಂಡಿತನ ಹಾಗೆ ನಕ್ಕೆ. "ಹೋಗ್ಲಿ, ಎಷ್ಟು ಜನ ಸತ್ರು?"

"ಒಬ್ಳೇ. ನನ್ನ ಮಗಳು. ಸಾಲ್ದಾ?"