ವಿರುದ್ಧದ ತೀರ್ಪನ್ನು ತಾವೇ ಮುಂದಿಟ್ಟವರು

ಸಿವಿಲ್ ಪ್ರಕ್ರಿಯೆಯ ನಿಯಮಗಳೆಂದರೆ ಆಕಳಿಕೆ ತರಿಸುವ ವಿಷಯವೆಂದು ವಕೀಲರೇ ನಂಬಿದ್ದ ಕಾಲದಲ್ಲಿ, ಆ ನಿಯಮಗಳಿಗೆ ಮೇಲಿನ ನ್ಯಾಯಾಲಯಗಳು ಕೊಡುತ್ತಿದ್ದ ಹೊಸ ಹೊಸ ವ್ಯಾಖ್ಯಾನಗಳನ್ನು ನಮ್ಮ ವಕೀಲರ ಬಳಗವು ಕಿವಿಗೊಟ್ಟು ಕೇಳುವಂತೆ ಮಾಡಿದ ಕೀರ್ತಿ, ಈಗ ವೃತ್ತಿಯಿಂದ ನಿವೃತ್ತರಾಗುತ್ತಿರುವ ಹಿರಿಯರೊಬ್ಬರಿಗೆ ಸಲ್ಲತಕ್ಕದ್ದು. ನ್ಯಾಯಾಲಯದ ಆವರಣದಲ್ಲಿ ಅವರನ್ನು ಹೆಸರು ಹಿಡಿದು ಕರೆದವರು ಕಡಿಮೆ. ಎಲ್ಲರ ಬಾಯಲ್ಲೂ ಅವರು ‘ತಕರಾರು ಮೇಷ್ಟ್ರು’.

ವಕೀಲಿಗೆ ಬಂದ ಹೊಸತರಲ್ಲೇ ಅವರು ಗ್ರಂಥಾಲಯದ ಉದ್ದ ಮೇಜನ್ನು ಹಿಡಿದರು. ಪ್ರತಿ ಶನಿವಾರ ಮಧ್ಯಾಹ್ನ ಅಲ್ಲಿ ಹೊಸ ತೀರ್ಪುಗಳ ಓದು. ಬರೀ ಸಾರಾಂಶ ನೋಡಿ ಬಂದವರಿಗೆ ಅಂದು ಗ್ರಹಚಾರವೇ. “ಮದುವೆಗೆ ಹೋಗದೆ ಊಟ ಚೆನ್ನಾಗಿತ್ತು ಅಂತೀಯಲ್ಲಯ್ಯಾ” ಎಂದು ಎಲ್ಲರೆದುರೇ ನೀರಿಳಿಸುತ್ತಿದ್ದರು. ಅವರದೊಂದು ಕಟ್ಟಳೆಯಿತ್ತು: ನಮಗೆ ವಿರುದ್ಧವಾದ ತೀರ್ಪು ಕಣ್ಣಿಗೆ ಬಿದ್ದರೆ, ಅದನ್ನು ನಾವೇ ಮೊದಲು ನ್ಯಾಯಾಧೀಶರ ಮುಂದಿಡಬೇಕು. ಇದನ್ನು ಹುಚ್ಚುತನವೆಂದು ಆಡಿಕೊಂಡವರಿಗೆ ಲೆಕ್ಕವಿಲ್ಲ.

ಅವರ ಶಿಷ್ಯೆಗೂ ಹಾಗೇ ಅನ್ನಿಸಿತ್ತು. ಗಂಡನನ್ನು ಕಳೆದುಕೊಂಡ ಹೊಲಿಗೆಯಾಕೆಯೊಬ್ಬಳ ಮೇಲೆ ಮೈದುನ ಮನೆ ಬಿಡಿಸಲು ದಾವೆ ಹೂಡಿದ್ದ. ತಾಯಿಯ ಆರೈಕೆಗೆಂದು ಆಕೆ ಪರ ಊರಿನ ಆಸ್ಪತ್ರೆಯಲ್ಲಿದ್ದಾಗ ಸಮನ್ಸನ್ನು ಬೀಗ ಹಾಕಿದ ಬಾಗಿಲಿಗೆ ಅಂಟಿಸಿ ಹೋಗಿದ್ದರು. ಆಕೆ ಮರಳಿ, ಅದನ್ನು ನೋಡಿ, ಮೇಷ್ಟ್ರಿಗೆ ವಕಾಲತ್ತು ಕೊಡುವಷ್ಟರಲ್ಲಿ ಉತ್ತರ ಸಲ್ಲಿಸುವ ಗಡುವು ಮುಗಿದಿತ್ತು. ತಡವಾದ ಉತ್ತರವನ್ನು ಸ್ವೀಕರಿಸಿರೆಂದು ಕೇಳುವುದೊಂದೇ ಉಳಿದಿದ್ದ ದಾರಿ. ಅದು ತಪ್ಪಿದರೆ ಆಕೆಯ ಮಾತೇ ಇಲ್ಲದೆ ಮನೆ ಹೋಗುತ್ತಿತ್ತು. ವಿಚಾರಣೆಯ ಹಿಂದಿನ ದಿನ, ಗಡುವು ಮೀರಿದವರಿಗೆ ಮನೆಯ ತಾಪತ್ರಯ ನೆಪವಾಗದು ಎಂಬ ಹೊಚ್ಚಹೊಸ ತೀರ್ಪು ಶಿಷ್ಯೆಯ ಕೈಗೆ ಸಿಕ್ಕಿತು. ಅವಳು ಅದನ್ನು ಹಿಡಿದು ಮೇಷ್ಟ್ರ ಬಳಿಗೆ ಓಡಿದಳು.

“ಎದುರಿನವರಿಗೆ ಇದು ಗೊತ್ತಿಲ್ಲ ಸಾರ್. ಸುಮ್ಮನಿದ್ದುಬಿಡೋಣ.”

“ನಿನಗೆ ಗೊತ್ತಾಯ್ತಲ್ಲ. ಮೊದಲು ಪೂರ್ತಿ ಓದು, ಆಮೇಲೆ ಹೆದರು.”

ಪಕ್ಕದಲ್ಲೇ ಕುಳಿತಿದ್ದ ಹೊಲಿಗೆಯಾಕೆಗೆ ತಡೆಯಲಾಗಲಿಲ್ಲ. “ನನ್ನ ಮನೆ ಕಳೆಯೋ ಕಾಗದಾನ ನೀವೇ ಕೊಡ್ತೀರಾ ಸ್ವಾಮಿ?”

“ಬಚ್ಚಿಟ್ಟು ಗೆದ್ದರೆ ನಾಳೆ ಮೇಲಿನ ಕೋರ್ಟಲ್ಲಿ ಇದೇ ಕಾಗದ ನಿನ್ನ ಕುತ್ತಿಗೆಗೆ ಬರುತ್ತಮ್ಮ” ಎಂದರು ಮೇಷ್ಟ್ರು. ಆಕೆ ಮುಖ ತಿರುಗಿಸಿ ಎದ್ದು ಹೋದಳು.

ಶಿಷ್ಯೆ ಪೂರ್ತಿ ಓದಿದಳು. ಆ ಪ್ರಕರಣದ ಪ್ರತಿವಾದಿ ಸಮನ್ಸನ್ನು ಸ್ವತಃ ಪಡೆದು, ವಕೀಲರನ್ನೂ ನೇಮಿಸಿ, ಕೈಕಟ್ಟಿ ಕುಳಿತಿದ್ದವನು. ಮರುದಿನ ಅವಳು ತೀರ್ಪನ್ನು ಮುಂದಿಟ್ಟಾಗ ಎದುರಿನ ವಕೀಲರ ಮುಖ ಊರಗಲವಾಯಿತು. ನ್ಯಾಯಾಧೀಶರು ನಿಧಾನವಾಗಿ ಓದಿ ಅವರನ್ನೇ ಕೇಳಿದರು: “ಇಲ್ಲಿ ಸಮನ್ಸ್ ಈಕೆಯ ಕೈ ಸೇರಿತ್ತಾ?” ಬಾಗಿಲಿಗೆ ಅಂಟಿಸಿದ್ದಷ್ಟೇ ಎಂದು ಅವರು ಒಪ್ಪಿಕೊಳ್ಳಬೇಕಾಯಿತು. ಹೊಲಿಗೆಯಾಕೆಯ ಉತ್ತರ ಕಡತ ಸೇರಿತು. ಆಕೆ ಸಾಕ್ಷಿಕಟ್ಟೆ ಹತ್ತಿ ತನ್ನ ಮಾತನ್ನು ತಾನೇ ಹೇಳಿದಳು. ಬಹಳ ಕಾಲದ ನಂತರ ಮನೆಯೂ ಉಳಿಯಿತು.

ಮೊನ್ನೆ ಆಕೆ ಶಿಷ್ಯೆಯ ಕಚೇರಿಗೆ ಬಂದಿದ್ದಳು. “ಮೇಷ್ಟ್ರು ಇನ್ನು ಕೋರ್ಟಿಗೆ ಬರೋದಿಲ್ವಂತೆ?”

“ಇಲ್ಲಮ್ಮ. ಪ್ರಕ್ರಿಯಾ ನಿಯಮಗಳ ಮೇಲೆ ಪುಸ್ತಕ ಬರೀತಾರೆ.”

“ಬರೀಲಿ. ನೂರು ವರ್ಷ ಬದುಕಿ ಬರೀತಾ ಇರಲಿ. ಮನೆ ಉಳೀತು ಅಂತ ಹೇಳ್ತಿಲ್ಲ. ಸೋತಿದ್ರೂ ಇದನ್ನೇ ಹೇಳ್ತಿದ್ದೆ. ಅವರಿಂದಾಗಿ ಕೋರ್ಟಲ್ಲಿ ನನ್ನ ಮಾತನ್ನೂ ಕೇಳಿದ್ರಲ್ಲ.”

ಈ ಹಾರೈಕೆಗೆ ಸೇರಿಸಲು ಶಿಷ್ಯೆಯ ಬಳಿ ಬೇರೆ ಮಾತಿಲ್ಲ.