ಪರ್ಕಳ ಬಸ್ಸಿನಲ್ಲಿ ಕದ್ದು ಕೇಳಿದ ಕೊಂಕಣಿ

ಲೀನಾ ಬಾಯಿ, ನನಗೆ ಕೊಂಕಣಿ ಬರುತ್ತದೆ. ಪರ್ಕಳದಿಂದ ಉಡುಪಿಗೆ ಹೋಗುವ ಸಿಟಿ ಬಸ್ಸಿನಲ್ಲಿ ನೀವೂ ಜುಲಿಯಾನ ಬಾಯಿಯೂ ಆಡಿದ ಮಾತೆಲ್ಲ ನನಗೆ ಅರ್ಥವಾಗುತ್ತಿತ್ತು — ನಾನು ಡಿಗ್ರಿ ಮುಗಿಸುವುದಿಲ್ಲ ಎಂದು ಮೊದಲು ಹೇಳಿದವರು ನೀವೇ ಎನ್ನುವುದೂ ಸೇರಿ.

ಅದು ನನ್ನ ಕಾಲೇಜಿನ ಮೊದಲ ವಾರ. ಕಾಲಿಡಲು ಜಾಗವಿಲ್ಲದ ಬಸ್ಸು. ನಿಂತವರ ಚೀಲವನ್ನು ಕೂತವರು ಮಡಿಲಲ್ಲಿ ಇಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಕೇಳದೆಯೇ ನೀವು ಕೈಚಾಚಿದಿರಿ. "ಕೊಡು ಮಗಾ" ಎಂದು ಕನ್ನಡದಲ್ಲಿ. ಆಮೇಲೆ, ರಜೆಯಲ್ಲಿ ಅಮ್ಮನ ಜೊತೆ ಗೇರುಬೀಜದ ಫ್ಯಾಕ್ಟರಿಗೆ ಹೋಗಿ ಕಪ್ಪಾಗಿದ್ದ ನನ್ನ ಬೆರಳು ನೋಡಿ, ಜುಲಿಯಾನ ಬಾಯಿಗೆ ಮೆಲ್ಲಗೆ ಹೇಳಿದಿರಿ: "ಹಿಚ್ಯಾನ್ ಜಾಯ್ನಾ." ಇವಳಿಂದ ಆಗುವುದಿಲ್ಲ. ಬರುವ ವರ್ಷ ಪುನಃ ಫ್ಯಾಕ್ಟರಿಗೇ ಹೋಗುತ್ತಾಳೆ ನೋಡು, ಪಾಪ.

ಹೀಯಾಳಿಸಿದ್ದಲ್ಲ. ಆ 'ಪಾಪ'ವೇ ಹೆಚ್ಚು ಚುಚ್ಚಿತು.

ಮುಡಿಯಲ್ಲಿ ಮಲ್ಲಿಗೆ, ಹಣೆಯಲ್ಲಿ ಕುಂಕುಮ — ತುಳುವಿನ ಹುಡುಗಿ, ಇವಳಿಗೆ ಎಂತ ಗೊತ್ತಾಗುತ್ತದೆ ಎಂದುಕೊಂಡಿರಿ. ಅಮ್ಮ ಫ್ಯಾಕ್ಟರಿಗೆ ಸೇರುವ ಮೊದಲು ಉದ್ಯಾವರದಲ್ಲಿ ನಿಮ್ಮವರದೇ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ನಾನು ಮಾತು ಕಲಿತದ್ದೇ ಆ ಅಡಿಗೆಮನೆಯ ನೆಲದಲ್ಲಿ ಕೂತು.

ಅಂದೇ ಹೇಳಬಹುದಿತ್ತು. ಹೇಳಲಿಲ್ಲ. ಮೊದಲು ಸಿಟ್ಟು, ಆಮೇಲೆ — ಸತ್ಯ ಹೇಳುತ್ತೇನೆ — ಕುತೂಹಲ. ನಿಮ್ಮ ನಾದಿನಿಯ ಮನೆಯಲ್ಲಿ ಮದುವೆಯ ಮುನ್ನಾದಿನದ ರೋಸಿನ ಊಟಕ್ಕೆ ಹಂದಿಮಾಂಸ ಸಾಲದೆ ಆದ ಜಗಳ ಎಲ್ಲಿಗೆ ಮುಟ್ಟಿತು ಎಂದು ತಿಳಿಯಲು ನಾನು ಒಂದು ಬಸ್ಸು ಬಿಟ್ಟು ನಿಮ್ಮ ಬಸ್ಸಿಗೇ ಕಾದಿದ್ದೇನೆ. "ಎದುರು ಹೋಗಿ ಅಕ್ಕ, ಒಳಗೆ ಡಾನ್ಸ್ ಮಾಡುವಷ್ಟು ಜಾಗ ಉಂಟು" ಎಂದು ಕಂಡಕ್ಟರ್ ಕೂಗುವಾಗ, "ಇವನು ತಲೆಗೆ ಬಣ್ಣ ಹಚ್ಚಿ ಮೀಸೆಗೆ ಮರೆತಿದ್ದಾನೆ" ಎಂದು ಜುಲಿಯಾನ ಬಾಯಿ ಕೊಂಕಣಿಯಲ್ಲಿ ಹೇಳಿದರೆ, ನಾನು ಕೆಮ್ಮಿದಂತೆ ಮಾಡಿ ನಗು ನುಂಗುತ್ತಿದ್ದೆ.

ಅಷ್ಟಕ್ಕೇ ನಿಂತಿದ್ದರೆ —

ಮಣಿಪಾಲ ದಾಟುವಾಗ ಒಂದು ಗುರುವಾರ ನೀವು ದನಿ ತಗ್ಗಿಸಿದಿರಿ. ಉಡುಪಿಯಲ್ಲಿ ಇನ್ನೊಬ್ಬರ ಅಂಗಡಿಯಲ್ಲಿ ಹೊಲಿದು ಸಾಕಾಗಿದೆ, ಪರ್ಕಳ ಪೇಟೆಯಲ್ಲಿ ರಸ್ತೆ ಬದಿಯ ಒಂದು ಕೋಣೆ ಖಾಲಿಯಾಗುತ್ತದೆ, ಇನ್ನೂ ಯಾರಿಗೂ ಗೊತ್ತಿಲ್ಲ, ಭಾನುವಾರ ಇಗರ್ಜಿಯಿಂದ ಬರುವಾಗ ಧಣಿಯ ಹತ್ತಿರ ಮಾತಾಡುತ್ತೇನೆ, ನನ್ನದೇ ಮೆಷಿನ್ ಇಡುತ್ತೇನೆ ಎಂದಿರಿ. ಧಣಿಯ ಹೆಸರನ್ನೂ ಹೇಳಿದಿರಿ. ಅಷ್ಟು ಸಂತೋಷದಲ್ಲಿ ನಿಮ್ಮನ್ನು ನಾನು ಕಂಡದ್ದೇ ಇಲ್ಲ.

ಆಗ ಅಮ್ಮ ಸೊಂಟ ನೋವೆಂದು ಫ್ಯಾಕ್ಟರಿ ಬಿಟ್ಟಿದ್ದಳು. ಬಾಡಿಗೆ ಮನೆಯಲ್ಲೇ ಚಪಾತಿ ಮಾಡಿ ಮಾರುತ್ತಿದ್ದಳು. ಹೊಗೆ ಎಂದು ಮನೆಯ ಮಾಲಕರು ನಿಲ್ಲಿಸಲು ಹೇಳಿದ್ದರು. ಅದು ನಿಂತರೆ ನನ್ನ ಕಾಲೇಜೂ ನಿಲ್ಲುತ್ತಿತ್ತು. "ಕಾಲೇಜಿನಲ್ಲಿ ಯಾರೋ ಹೇಳಿದರು" ಎಂದು ಸುಳ್ಳು ಹೇಳಿ ಶನಿವಾರವೇ ಅಮ್ಮನನ್ನು ಧಣಿಯ ಬಾಗಿಲಿಗೆ ಕರೆದುಕೊಂಡು ಹೋದೆ. ಕೋಣೆ ಸಿಕ್ಕಿತು.

ನಿಮ್ಮ ಆ ಮಾತಿಗೆ ಸೇಡು ತೀರಿಸಿದೆನೇ? ಹಾಗೆಂದುಕೊಂಡರೆ ಸುಲಭ. ಅಲ್ಲ, ಬಾಯಿ. ನನಗೆ ಬೇಕಿತ್ತು, ತೆಗೆದುಕೊಂಡೆ. ನಿಮಗೂ ಬೇಕೆಂದು ಗೊತ್ತಿದ್ದವಳು ನಾನು ಮಾತ್ರ.

ಸೋಮವಾರ ನನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡೇ ಜುಲಿಯಾನ ಬಾಯಿಗೆ ಹೇಳಿದಿರಿ — ಯಾರೋ ಮೊದಲೇ ಹೋಗಿ ಹಿಡಿದರಂತೆ. ಕೆಲವು ತಿಂಗಳ ನಂತರ ಚಪಾತಿ ಕೊಳ್ಳಲು ಬಂದವರು ಒಳಗೆ ನನ್ನನ್ನು ಕಂಡಿರಿ. ಕೋಣೆಯ ಸುತ್ತ ಒಮ್ಮೆ ಕಣ್ಣು ಹಾಯಿಸಿ, "ನಿಮಗೆ ಸಿಕ್ಕಿದ್ದಾ? ಒಳ್ಳೆಯದಾಯಿತು ಮಗಾ" ಎಂದಿರಿ. ನಿಮ್ಮ ಮೆಷಿನ್ ಯಾವ ಮೂಲೆಯಲ್ಲಿ ಇರಬೇಕಿತ್ತು ಎಂದು ನೋಡಿದಿರೋ ಏನೋ — ನನಗೆ ಹಾಗೆ ಕಂಡಿತು.

ನೀವು ಈಗಲೂ ಅದೇ ಬಸ್ಸಿನಲ್ಲಿ ಉಡುಪಿಗೆ ಹೋಗುತ್ತೀರಿ. ಈಗೀಗ ಟಿಕೆಟನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತೀರಿ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೊಬ್ಬಳೇ. ಆ ಹೆಮ್ಮೆ ನನಗೆ ಉಂಟು, ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಅದು ಯಾವ ಕೋಣೆಯ ಸಂಪಾದನೆಯಲ್ಲಿ ಆಯಿತೆಂದು ನಿಮಗೆ ಗೊತ್ತಿರಬೇಕು. ಈ ವಾರ ಬಸ್ಸಿನಲ್ಲಿ ನಿಮ್ಮ ಪಕ್ಕ ನಿಂತು ಇದನ್ನೆಲ್ಲ ಕೊಂಕಣಿಯಲ್ಲೇ ಹೇಳುತ್ತೇನೆ. ನಿಮ್ಮಿಂದ ಏನನ್ನೂ ಕೇಳುವುದಿಲ್ಲ.

ಅಮ್ಮನಿಗೆ ಇಂದು ಹೇಳಬೇಕೆಂದೇ ಹೊರಟಿದ್ದೆ, ಆಗಲಿಲ್ಲ. ಕಾಲೇಜಿನಿಂದ ಸರ್ಟಿಫಿಕೇಟು ತೆಗೆದುಕೊಂಡು ನೇರ ಆ ಕೋಣೆಗೆ ಹೋದೆ. ಅವಳು ಹಿಟ್ಟಿನ ಕೈ ತೊಳೆದು, ಸೆರಗಿನಲ್ಲಿ ಎರಡೆರಡು ಸಲ ಒರೆಸಿಕೊಂಡು, ಎರಡೂ ಕೈಯಲ್ಲಿ ಅದನ್ನು ತೆಗೆದುಕೊಂಡಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಹೇಳಿದಳು:

"ಯಾರ ಬಾಯಿಯಿಂದಲೂ ಕಿತ್ತು ತಿಂದದ್ದಲ್ಲ ಮಗಾ ಇದು. ನೀನು ಯಾರ ಎದುರೂ ತಲೆ ತಗ್ಗಿಸುವುದು ಬೇಡ."