ಯಾಸಾಕುವಿನ ನಾಲ್ಕು ಸಾಲು

ಕೊಗುರೆ ಚಿಸೆಯ ಅಪ್ಪ ಯಾಸಾಕು ಸತ್ತು ನಲವತ್ತು ವರ್ಷದ ಮೇಲಾಯಿತು. ನಮ್ಮ ಬಂದರಿನ ಜನಕ್ಕೆ ಅವನು ಇವತ್ತಿಗೂ ಮಿಸೊ ಎಂಬ ಹುಳಿಸಿದ ಸೋಯಾ ಮುದ್ದೆಯ ಗೋದಾಮಿಗೆ ಬೆಂಕಿ ಇಟ್ಟವನೇ. ಇಟ್ಟವನು ಅವನಲ್ಲ. ಮಾಲೀಕನ ಮಗ ಕೆಂಡದ ಒಲೆ ಆರಿಸದೆ ಕುಡಿಯಲು ಹೋಗಿದ್ದ. ಆದರೆ ನಮ್ಮೂರ ಪತ್ರಿಕೆ ಮರುದಿನವೇ ಮೊದಲ ಪುಟದಲ್ಲಿ, ಗೋದಾಮಿನ ಕೂಲಿಯಾಗಿದ್ದ ಯಾಸಾಕುವಿನ ಹೆಸರು ಅಚ್ಚು ಹಾಕಿ 'ಕೂಲಿಯವನ ಸೇಡು' ಎಂದು ತಲೆಬರಹ ಕೊಟ್ಟಿತು. ಪೊಲೀಸರು ಅವನನ್ನು ಬಿಟ್ಟ ಮೇಲೆ, ಒಳಪುಟದಲ್ಲಿ ಮೀನಿನ ದರದ ಕೆಳಗೆ ನಾಲ್ಕು ಸಾಲಿನ ತಿದ್ದುಪಡಿ ಹಾಕಿ ಕೈ ತೊಳೆದುಕೊಂಡಿತು. ಮೀನಿನ ದರವನ್ನು ಊರೆಲ್ಲ ಓದಿತು. ಅದರ ಕೆಳಗಿದ್ದದ್ದನ್ನು ಓದಿದ ಒಬ್ಬಿಬ್ಬರು, "ಬೆಂಕಿ ಇಲ್ದೆ ಹೊಗೆ ಆಡುತ್ತಾ?" ಅಂದರು.

ಯಾಸಾಕು ಆಮೇಲೆ ಸಾಯುವವರೆಗೆ ಹಡಗಿನ ಮೂಟೆ ಹೊತ್ತ. ಸಾರ್ವಜನಿಕ ಸ್ನಾನದ ಮನೆಯಲ್ಲಿ ಅವನು ತೊಟ್ಟಿಗೆ ಇಳಿದರೆ ಉಳಿದವರು ಮೇಲೆದ್ದು ಬರುತ್ತಿದ್ದರು. ಚಿಸೆಗೆ ಬಂದ ಸಂಬಂಧಗಳೆಲ್ಲ ಹುಡುಗನ ಕಡೆಯವರು ನಮ್ಮೂರಲ್ಲಿ ವಿಚಾರಿಸಿದ ಕೂಡಲೇ ಮುರಿದುಬಿದ್ದವು. ಅವಳು ಮೀನಿನ ಡಬ್ಬಿ ಕಾರ್ಖಾನೆಯಲ್ಲಿ ದುಡಿದು, ತಾಯಿ ತೊಮೆಯನ್ನು ಸಾಕಿಕೊಂಡು, ಹಾಗೆಯೇ ಮುದುಕಿಯಾದಳು.

ಊರ ಗ್ರಂಥಾಲಯ ಹಳೇ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಹಾಕಲು ಜನ ಬೇಕೆಂದಾಗ ಕಾರ್ಖಾನೆಯಿಂದ ನಿವೃತ್ತಳಾಗಿದ್ದ ಚಿಸೆ ಎಲ್ಲರಿಗಿಂತ ಮೊದಲು ಬಂದು ನಿಂತಳು. ನೆಲಮಾಳಿಗೆಯಲ್ಲಿ ನಾವಿಬ್ಬರೂ ಜೋಡಿ. ನಾನು ಮೊರಿಕುಬೊ, ಹಾಳೆ ತಿರುಗಿಸುವವಳು; ಅವಳು ಕ್ಯಾಮೆರಾದ ಗುಂಡಿ ಒತ್ತುವವಳು. ಆ ಪತ್ರಿಕೆ ಮುಚ್ಚಿಹೋಗಿ ಎಷ್ಟೋ ಕಾಲವಾಗಿದೆ. ಅದರ ಕಚೇರಿಯ ಪ್ರತಿಗಳು ಭೂಕಂಪದ ಸುನಾಮಿಯಲ್ಲಿ ನೀರುಪಾಲಾದವು. ನಮ್ಮ ಗ್ರಂಥಾಲಯದ ಬೈಂಡುಗಳು ಬಿಟ್ಟರೆ ಬೇರೆ ಪ್ರತಿ ಎಲ್ಲೂ ಇಲ್ಲ. ಮುಟ್ಟಿದರೆ ಪುಡಿಯಾಗುತ್ತವೆ ಎಂದು ಅವಕ್ಕೂ ಬೀಗ ಹಾಕಿಟ್ಟಿದ್ದರು.

'ಕೂಲಿಯವನ ಸೇಡು' ಸ್ಕ್ಯಾನಿಗೆ ಬಂದ ದಿನ ನಮ್ಮ ಮೇಲಧಿಕಾರಿ ಶಿಬಾಯಾಮಾ ಮೆಟ್ಟಿಲಿಳಿದು ಬಂದ. ಒಳ್ಳೆಯ ಮನುಷ್ಯ, ಅದು ಅವನಿಗೂ ಗೊತ್ತು.

"ಕೊಗುರೆಸಾನ್, ಅಪರಾಧದ ಸುದ್ದೀಲಿ ಮನೆಯವರು ಕೇಳಿದ್ರೆ ಹೆಸರಿನ ಮೇಲೆ ಕಪ್ಪು ಪಟ್ಟಿ ಹಾಕ್ತೀವಿ. ನಿಯಮಾನೇ ಇದೆ. ಹಾಕ್ಲಾ?"

"ಬೇಡ," ಅಂದಳು ಚಿಸೆ. "ಹೆಸರು ಮುಚ್ಚಿದ್ರೆ ತಿದ್ದುಪಡೀನೂ ಹುಡುಕಿದವರಿಗೆ ಸಿಗಲ್ಲ. ನಮ್ಮಪ್ಪನ ಹೆಸರು ಟೈಪ್ ಮಾಡಿದ್ರೆ ಎರಡೂ ಒಟ್ಟಿಗೆ ಬರ್ಲಿ. ಈ ಊರು ಮೊಬೈಲಲ್ಲಾದ್ರೂ ಓದ್ಲಿ."

ಆಗ ಅವಳ ಮುಖ ನೋಡಬೇಕಿತ್ತು. ಅಷ್ಟು ಹುರುಪು ಅವಳಲ್ಲಿ ಇತ್ತೆಂದು ನನಗೆ ತಿಳಿದೇ ಇರಲಿಲ್ಲ. ತಿದ್ದುಪಡಿಯ ತಾರೀಕು ತಾಯಿ ಹೇಳಿ ಹೇಳಿ ಅವಳಿಗೆ ಬಾಯಿಪಾಠ. ಆ ಸಂಚಿಕೆ ಬಂದಾಗ ಕೈ ತೊಳೆದು ಒರೆಸಿಕೊಂಡು ಬಂದಳು. ನಾನು ಹಾಳೆ ತಿರುಗಿಸಿದೆ. ಮೀನಿನ ದರವಿತ್ತು. ಅದರ ಕೆಳಗೆ ತೂತು. ಕತ್ತರಿಯಿಂದ ನೀಟಾಗಿ ಕತ್ತರಿಸಿದ ಚೌಕ. ಅದರೊಳಗಿಂದ ಮುಂದಿನ ಪುಟದ ಸೋಯಾ ಸಾಸ್ ಜಾಹೀರಾತು ಕಾಣುತ್ತಿತ್ತು.

ಚಿಸೆ ಗುಂಡಿ ಒತ್ತಲಿಲ್ಲ. "ಗೋದಾಮಿನ ಮಾಲೀಕನ ಮನೆಯವರೇ ಮಾಡಿರ್ತಾರೆ," ಎಂದು ನಾನು ಬೈದೆ.

ಸಂಜೆ ನಾನೂ ಅವಳ ಮನೆಗೆ ಹೋದೆ. ತೊಮೆ ಅಜ್ಜಿ ಕಾಲಿನ ಮೇಲೆ ರಜಾಯಿ ಎಳೆದುಕೊಂಡು ಕಿತ್ತಳೆ ಸುಲಿಯುತ್ತಿದ್ದಳು.

"ಅಮ್ಮಾ, ಪತ್ರಿಕೇಲಿ ತಿದ್ದುಪಡಿ ಜಾಗ ಖಾಲಿ ಇದೆ."

"ಇರುತ್ತೆ. ನಾನೇ ಕತ್ತರಿಸಿದ್ದು," ಅಂದಳು ಅಜ್ಜಿ, ಸೊಪ್ಪು ಕೊಯ್ದುಕೊಂಡು ಬಂದೆ ಎನ್ನುವ ಹಾಗೆ. "ನಿಮ್ಮಪ್ಪ ಸತ್ತ ದಿನ. ಆಗ ಬೀಗಗೀಗ ಇರ್ಲಿಲ್ಲ. ಹೆಣದ ಪೆಟ್ಟಿಗೇಲಿ ಬೇರೆಯವರು ಸಿಗರೇಟು, ಕನ್ನಡಕ ಎಲ್ಲ ಇಟ್ಟು ಕಳಿಸ್ತಾರೆ. ನಾನು ಇದನ್ನ ಅವರ ಎದೆ ಮೇಲೆ ಇಟ್ಟೆ. ಅಲ್ಲಿ ಯಾರಾದ್ರೂ ಕೇಳಿದ್ರೆ ತೋರಿಸ್ಬೇಕಲ್ವಾ?"

"ಅದು ಅಪ್ಪನ ಜೊತೆ ಸುಟ್ಟುಹೋಯ್ತು, ಅಮ್ಮಾ!"

"ಸುಟ್ರೇನೇ ಅಲ್ಲಿಗೆ ಹೋಗೋದು. ಯಾಕೆ ಕಿರುಚ್ತೀಯೆ? ಪತ್ರಿಕೆ ಅಂದ್ರೆ ಸಾವಿರಾರು ಅಚ್ಚಾಗುತ್ತೆ. ಇನ್ನೊಂದು ತಗೋ."

ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು. ಹಾಗೆಯೇ ಅಳುವೂ ಬಂತು. ಗಂಡನಿಗೆ ಕೊಡಲು ಅವಳ ಬಳಿ ಇದ್ದ ಒಂದೇ ಮರ್ಯಾದೆ ಅದು, ಕೊಟ್ಟಳು. ಬದುಕಿರುವವರಿಗೆ ತೂತು ಉಳಿಯಿತು. ಹುಡುಗಿಯಾಗಿದ್ದಾಗ ಚಿಸೆ ಅಪ್ಪನ ಎದೆ ಮೇಲೆ ಆ ಮಡಿಸಿದ ಕಾಗದ ನೋಡಿದ್ದಳಂತೆ. ಮಂತ್ರದ ಚೀಟಿ ಅಂದುಕೊಂಡಿದ್ದಳಂತೆ.

ಮರುದಿನ ಶಿಬಾಯಾಮಾ ಮುಂದೆ ಅವಳು ತಲೆ ಬಗ್ಗಿಸಿ ನಿಂತಳು. ತಾಯಿಯ ಹೆಸರು ಹೇಳಿದ್ದರೆ ಬೆಂಕಿ ಇಟ್ಟವನ ಹೆಂಡತಿ ಗ್ರಂಥಾಲಯದ ಕಳ್ಳಿ ಎಂದಾಗುತ್ತಿತ್ತು. ಹೇಳಲಿಲ್ಲ.

"ತಿದ್ದುಪಡಿ ಇತ್ತು ಅಂತ ಪಕ್ಕದಲ್ಲಿ ಒಂದು ಟಿಪ್ಪಣಿ ಬರೀರಿ," ಎಂದು ಬೇಡಿಕೊಂಡಳು.

"ಇಲ್ಲದ್ದನ್ನ ಇತ್ತು ಅಂತ ಹೆಂಗೆ ಬರೀಲಿ, ಕೊಗುರೆಸಾನ್? 'ಈ ಭಾಗ ಕತ್ತರಿಸಿದೆ' ಅಂತ ಬರೀಬಹುದು. ಕಪ್ಪು ಪಟ್ಟಿ ಬೇಕಾದ್ರೆ ಈಗ್ಲೂ ಹಾಕ್ತೀನಿ."

"ಹಾಕಿಬಿಡಿ," ಅಂದಳು ಚಿಸೆ. ಗುಂಡಿಯನ್ನೂ ಅವಳೇ ಒತ್ತಿದಳು, ತೂತು ಸ್ಪಷ್ಟವಾಗಿ ಬರುವ ಹಾಗೆ.

ಪತ್ರಿಕೆಗಳು ಜಾಲತಾಣಕ್ಕೆ ಬಂದಾಗ ಪುರಸಭೆಯವರು ಭಾಷಣ ಮಾಡಿ ಚಪ್ಪಾಳೆ ತಟ್ಟಿಸಿಕೊಂಡರು. ಊರಿಗೆಲ್ಲ ಹೊಸ ಹುಚ್ಚು ಹಿಡಿಯಿತು. ಅಜ್ಜನ ಮದುವೆ, ಶಾಲೆಯ ಓಟದ ಪಂದ್ಯ, ಎಲ್ಲವನ್ನೂ ಹುಡುಕಿದ್ದೇ ಹುಡುಕಿದ್ದು. ಆ ವಾರ ಚಿಸೆ, ನಾನು ತೋಫು ಅಂಗಡಿಗೆ ಹೋಗಿದ್ದೆವು. ಅಂಗಡಿಯ ಸೊಸೆ ಬೇರೆ ಊರಿನವಳು, ನಮ್ಮನ್ನು ಅರಿಯಳು. ಮೊಬೈಲ್ ಹಿಡಿದು ಅತ್ತೆಯನ್ನು ಕೇಳುತ್ತಿದ್ದಳು.

"ಅತ್ತೆ, ಇಲ್ಲಿ ಕಪ್ಪಗೆ ಮುಚ್ಚಿದಾರಲ್ಲ, ಯಾರ ಹೆಸರು?"

ಅತ್ತೆ ನೀರಿನಿಂದ ತೋಫು ಎತ್ತುತ್ತಾ, ಹಿಂದೆ ಯಾರಿದ್ದಾರೆಂದು ನೋಡದೆ ಅಂದಳು: "ಇನ್ಯಾರದ್ದು? ಕೊಗುರೆ ಯಾಸಾಕುದು. ಮಾಡಿಲ್ಲದೆ ಇದ್ರೆ ಮುಚ್ತಿದ್ರಾ?"

"ತಿದ್ದುಪಡಿ ಹಾಕಿದ್ರು," ಅಂದಳು ಚಿಸೆ.

ಅತ್ತೆ ತಿರುಗಿ ನೋಡಿ ಕೆಂಪಾದಳು. ಸೊಸೆಗೆ ಏನೂ ತಿಳಿಯಲಿಲ್ಲ. ಒಳ್ಳೆಯ ಹುಡುಗಿ, ಮೊಬೈಲನ್ನು ಚಿಸೆಯ ಮುಂದೆ ಚಾಚಿದಳು.

"ಹೌದಾ? ಎಲ್ಲಿದೆ, ತೋರಿಸಿ."